ಸಣ್ಣ ಊರಿನ ಲಾಭ-ನಷ್ಟ: ಕನ್ನಡ ಕಥನದ ಒಂದು ಕಾಣದ ನೆಲೆ

1

ಕನ್ನಡ ಕಥನ ಸಾಹಿತ್ಯವನ್ನು ಕುರಿತ ನಮ್ಮ ವಿಮರ್ಶೆಯಲ್ಲಿ ಹಳ್ಳಿ ಮತ್ತು ನಗರ ಎಂಬ ಜೋಡಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಒಂದು ಕಡೆ ನೆಲ, ನಂಬಿಕೆ, ಕೂಡುಬಾಳು. ಇನ್ನೊಂದು ಕಡೆ ಕಾರ್ಖಾನೆ, ಒಂಟಿತನ, ಪರಕೀಯತೆ. ನವೋದಯದ ಕಾದಂಬರಿಗಳನ್ನು ಮೊದಲನೆಯ ಕಂಬಕ್ಕೂ ನವ್ಯದ ಕತೆಗಳನ್ನು ಎರಡನೆಯ ಕಂಬಕ್ಕೂ ಕಟ್ಟಿಹಾಕುವುದು ಅಧ್ಯಾಪನಕ್ಕೆ ಅನುಕೂಲವಾದ ಕ್ರಮ. ಆದರೆ ಕನ್ನಡದ ಮುಖ್ಯ ಕೃತಿಗಳಲ್ಲಿ ಗಣನೀಯ ಸಂಖ್ಯೆಯವು ಈ ಎರಡು ಕಂಬಗಳ ನಡುವಿನ ಜಾಗದಲ್ಲಿ ನಡೆಯುತ್ತವೆ. ಒಂದು ಬಸ್ ನಿಲ್ದಾಣ, ಒಂದು ತಾಲೂಕು ಕಚೇರಿ, ಒಂದು ಹೈಸ್ಕೂಲು, ಎರಡು ಹೋಟೆಲು, ವಾರಕ್ಕೊಂದು ಸಂತೆ, ಒಂದು ದೇವಸ್ಥಾನ ಇರುವ ಊರು ಅದು. ಆ ಊರಿಗೆ ನಮ್ಮ ವಿಮರ್ಶೆಯಲ್ಲಿ ಪ್ರತ್ಯೇಕವಾದ ಹೆಸರಿಲ್ಲ. ಅದನ್ನು ದೊಡ್ಡ ಹಳ್ಳಿಯೆಂದೋ ಬೆಳೆಯದ ನಗರವೆಂದೋ ಓದಿ ಮುಂದೆ ಹೋಗುತ್ತೇವೆ.

ವಿಮರ್ಶೆಗೆ ಈ ಕೊರತೆಯಿದ್ದರೂ ಭಾಷೆಗೆ ಇಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಅದು ಪೇಟೆ. ಉತ್ತರ ಕರ್ನಾಟಕದ ಬಾಯಲ್ಲಿ ಪ್ಯಾಟಿ. ಕಂದಾಯದ ಕಾಗದಗಳಲ್ಲಿ ಕಸಬಾ. ಆಡಳಿತದ ಭಾಷೆಯಲ್ಲಿ ಪಟ್ಟಣ. ಜನಗಣತಿಯವರು ಇನ್ನೂ ನಿಖರವಾಗಿ ಅಳೆದಿದ್ದಾರೆ. ಶಾಸನಬದ್ಧ ಪಟ್ಟಣವಲ್ಲದ ಊರನ್ನು ಪಟ್ಟಣವೆಂದು ಎಣಿಸಲು ಕನಿಷ್ಠ 5,000 ಜನಸಂಖ್ಯೆ, ದುಡಿಯುವ ಗಂಡಸರಲ್ಲಿ ಶೇ. 75ರಷ್ಟಾದರೂ ಬೇಸಾಯೇತರ ಕೆಲಸದಲ್ಲಿರುವುದು, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ ಎಂಬ ಮೂರು ಲಕ್ಷಣಗಳನ್ನು ಅವರು ಕೇಳುತ್ತಾರೆ. ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳನ್ನೇ ಐದು ದರ್ಜೆಗಳಾಗಿ ವಿಂಗಡಿಸುತ್ತಾರೆ. 2011ರ ಗಣತಿಯ ಪ್ರಕಾರ ಕರ್ನಾಟಕದ ಜನರಲ್ಲಿ ಶೇ. 38ಕ್ಕೂ ಹೆಚ್ಚು ಮಂದಿ ಪಟ್ಟಣ-ನಗರವಾಸಿಗಳು. ಇವರೆಲ್ಲರೂ ಬೆಂಗಳೂರಿನವರಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಸ್ತುತ ಲೇಖನದ ಉದ್ದೇಶ ಸೀಮಿತವಾದುದು. ಸಣ್ಣ ಊರಿನ ಬದುಕು ಮನುಷ್ಯನಿಗೆ ಏನನ್ನು ಕೊಡುತ್ತದೆ, ಏನನ್ನು ಕಸಿಯುತ್ತದೆ ಎಂಬ ಲೋಕಸಾಮಾನ್ಯವಾದ ಪ್ರಶ್ನೆಯನ್ನು ಕನ್ನಡದ ಕೆಲವು ಕೃತಿಗಳ ಮುಂದಿಟ್ಟು, ಅವು ಕೊಟ್ಟಿರುವ ಉತ್ತರಗಳನ್ನು ಪರಿಶೀಲಿಸುವುದು ಅದು. ರಾಜ್ಯದ ಹೊರಗೆ ಕುಳಿತು ಕನ್ನಡವನ್ನು ಓದುವ ನಮಗೆ ಈ ಪ್ರಶ್ನೆ ಕೇವಲ ಸಾಹಿತ್ಯಕವಾದುದಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳ ಕನ್ನಡಿಗರಲ್ಲಿ ಬಹುಮಂದಿಯ ಅಥವಾ ಅವರ ಹಿರಿಯರ ಪಯಣ ಇಂಥದೊಂದು ಪೇಟೆಯ ಬಸ್ ನಿಲ್ದಾಣದಿಂದಲೇ ಹೊರಟದ್ದು. ಬಿಟ್ಟುಬಂದ ಊರನ್ನು ನಾವು ಹೇಗೆ ಓದುತ್ತೇವೆ ಎಂಬುದರಲ್ಲಿ, ಅಲ್ಲಿಯೇ ಉಳಿದವರ ಬಗೆಗೆ ನಾವು ಏನು ಹೇಳುತ್ತೇವೆ ಎಂಬುದೂ ಅಡಗಿದೆ.

2

ಸಣ್ಣ ಊರಿನ ಗುಣದೋಷಗಳನ್ನು ಎರಡು ಪಟ್ಟಿಗಳಾಗಿ ಬರೆಯುವುದು ಸುಲಭ. ಬಾಡಿಗೆ ಕಡಿಮೆ, ದೂರ ಕಡಿಮೆ, ಗಾಳಿ ಶುಭ್ರ, ಅಂಗಡಿಯಲ್ಲಿ ಸಾಲ ಸಿಗುತ್ತದೆ, ಕಷ್ಟಕ್ಕೆ ನೆರೆಹೊರೆ ಬರುತ್ತದೆ ಎಂಬುದು ಒಂದು ಪಟ್ಟಿ. ಕೆಲಸವಿಲ್ಲ, ಒಳ್ಳೆಯ ಆಸ್ಪತ್ರೆಯಿಲ್ಲ, ಪುಸ್ತಕದಂಗಡಿಯಿಲ್ಲ, ಎಲ್ಲರ ಕಣ್ಣೂ ಎಲ್ಲರ ಮೇಲೆ ಎಂಬುದು ಇನ್ನೊಂದು. ಈ ಪಟ್ಟಿಗಳು ಸುಳ್ಳಲ್ಲ. ಆದರೆ ಅವುಗಳನ್ನು ಹೀಗೆ ಬೇರೆಬೇರೆಯಾಗಿ ಇಟ್ಟಾಗ ಒಂದು ಭ್ರಮೆ ಹುಟ್ಟುತ್ತದೆ: ಎರಡನೆಯ ಪಟ್ಟಿಯನ್ನು ಅಳಿಸಿ ಮೊದಲನೆಯದನ್ನು ಉಳಿಸಿಕೊಳ್ಳಬಹುದೆಂಬ ಭ್ರಮೆ. ಕನ್ನಡದ ಒಳ್ಳೆಯ ಕಥನ ಈ ಭ್ರಮೆಯನ್ನು ಒಪ್ಪುವುದಿಲ್ಲ ಎಂಬುದೇ ನಮ್ಮ ಮುಖ್ಯ ಪ್ರಮೇಯ. ಸಾಲ ಕೊಡುವ ಅಂಗಡಿಯವನೂ ಸುದ್ದಿ ಹರಡುವ ಅಂಗಡಿಯವನೂ ಒಬ್ಬನೇ. ಅವನು ಸಾಲ ಕೊಡುವುದು ನಮ್ಮ ತಂದೆ ಯಾರು, ಮನೆ ಎಲ್ಲಿ, ತಿಂಗಳ ಆದಾಯ ಎಷ್ಟು ಎಂಬುದನ್ನು ಬಲ್ಲವನಾದ್ದರಿಂದ. ಸುದ್ದಿ ಹರಡುವುದೂ ಅದೇ ತಿಳಿವಳಿಕೆಯ ಬಲದಿಂದ. ಎಲ್ಲರಿಗೂ ಎಲ್ಲರ ಪರಿಚಯ ಇರುವುದೆಂಬ ಒಂದೇ ಸಂಗತಿ ಸಣ್ಣ ಊರಿನ ಆಸ್ತಿಯೂ ಹೌದು, ಅದರ ಶಿಕ್ಷೆಯೂ ಹೌದು.

ಯಶವಂತ ಚಿತ್ತಾಲರ ‘ಮೂರು ದಾರಿಗಳು’ (1964) ಈ ದೃಷ್ಟಿಯಿಂದ ಇಂದಿಗೂ ಮರು ಓದನ್ನು ಬೇಡುವ ಕಾದಂಬರಿ. ಗೋಕರ್ಣದ ಸಮೀಪದ ಹನೇಹಳ್ಳಿ ಚಿತ್ತಾಲರ ಹುಟ್ಟೂರು. ಉತ್ತರ ಕನ್ನಡದ ಆ ಪರಿಸರವೇ ಈ ಕಾದಂಬರಿಯದು. ಮದುವೆಯಾಗದ ಹುಡುಗಿಯೊಬ್ಬಳ ಬಗ್ಗೆ ಹುಟ್ಟುವ ಸುದ್ದಿ ಒಂದು ಮನೆತನವನ್ನೇ ಹೇಗೆ ಅಲ್ಲಾಡಿಸುತ್ತದೆ ಎಂಬುದು ಇದರ ವಸ್ತು. ಗಿರೀಶ ಕಾಸರವಳ್ಳಿಯವರು 1981ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ಈ ಕೃತಿಯನ್ನು ಹೆಣ್ಣಿನ ದುರಂತವೆಂದೋ ಅಸ್ತಿತ್ವವಾದಿ ಆಯ್ಕೆಯ ಕತೆಯೆಂದೋ ಓದುವುದು ಸಾಧ್ಯ. ಆದರೆ ಗಮನಿಸಬೇಕಾದುದು ಸುದ್ದಿಯ ಸ್ವರೂಪ. ಇಲ್ಲಿ ಸುದ್ದಿಗೆ ಒಬ್ಬ ಖಳನ ಅವಶ್ಯಕತೆಯೇ ಇಲ್ಲ. ಕಾಳಜಿಯಿಂದ ಕೇಳುವವರು, ಹಿತ ಬಯಸಿ ಎಚ್ಚರಿಸುವವರು, ನಂಟಸ್ತಿಕೆಯ ಹಕ್ಕಿನಿಂದ ವಿಚಾರಿಸುವವರು, ಎಲ್ಲರೂ ಸೇರಿ ಸುದ್ದಿಗೆ ಕಾಲು ಕೊಡುತ್ತಾರೆ. ನಗರದ ಕಾದಂಬರಿಯಲ್ಲಿ ಹಿಂಸೆಯು ಉದಾಸೀನದಿಂದ ಬರಬಹುದು. ಇಲ್ಲಿ ಅದು ಆಸಕ್ತಿಯಿಂದ ಬರುತ್ತದೆ. ‘ಏನಂತೆ?’ ಎಂಬ ಒಂದು ಪ್ರಶ್ನೆ ಉಪಚಾರವೂ ಆಗಿ ಆಯುಧವೂ ಆಗುವ ಲೋಕ ಇದು.

ವೈದೇಹಿಯವರ ‘ಅಕ್ಕು’ ಕತೆ ಇದೇ ಸಂಗತಿಯನ್ನು ಇನ್ನೊಂದು ಕೋನದಿಂದ ತೋರಿಸುತ್ತದೆ. ಕುಂದಾಪುರ ವೈದೇಹಿಯವರ ಹುಟ್ಟೂರು. ಅಲ್ಲಿಯ ಮಾತಿನ ಲಯವೇ ಅವರ ಕತೆಗಳ ಉಸಿರು. ಹುಚ್ಚಿ ಎಂದು ಹೆಸರಾದ ಅಕ್ಕುವನ್ನು ಮನೆ ಹೊರಗೆ ಹಾಕುವುದಿಲ್ಲ. ಅವಳಿಗೆ ಅನ್ನವಿದೆ, ಸೂರಿದೆ, ಹೆಸರು ಹಿಡಿದು ಕರೆಯುವವರಿದ್ದಾರೆ. ನಗರದಲ್ಲಾಗಿದ್ದರೆ ಅವಳ ಪಾಡು ಬೀದಿಯದೋ ಆಸ್ಪತ್ರೆಯದೋ ಆಗಬಹುದಿತ್ತು. ಆದರೆ ಇಟ್ಟುಕೊಂಡ ಮನೆಯೇ ಅವಳ ಮಾತಿಗೆ ಬೆಲೆಯನ್ನು ತೆಗೆದಿದೆ. ಅವಳನ್ನು ಹುಚ್ಚಿಯಾಗಿಸಿದ ಕಾರಣಗಳೂ ಆ ಮನೆಯ, ಆ ನೆರೆಯ ಒಳಗೇ ಇವೆ. ಅವಳ ಅಸಂಬದ್ಧವೆನಿಸುವ ಮಾತುಗಳು ಇತರರು ಬಾಯಿ ಬಿಡಲಾರದ ಸತ್ಯಗಳನ್ನು ಆಡಿಬಿಡುತ್ತವೆ. ಆಶ್ರಯ ಮತ್ತು ದಮನ ಒಂದೇ ಮಾಡಿನ ಕೆಳಗೆ ಇರುವ ಈ ಸ್ಥಿತಿಯನ್ನು ವೈದೇಹಿಯವರು ಯಾವ ತೀರ್ಪನ್ನೂ ಹೇರದೆ ಮಂಡಿಸುತ್ತಾರೆ. ಇದನ್ನು ಕೂಡುಕುಟುಂಬದ ಸಹನೆಯ ಕತೆ ಎನ್ನುವುದು ಎಷ್ಟು ಅಪೂರ್ಣವೋ ಬರಿಯ ಕ್ರೌರ್ಯದ ಕತೆ ಎನ್ನುವುದೂ ಅಷ್ಟೇ ಅಪೂರ್ಣ.

3

ಪರಿಚಯದ ಈ ನೀತಿಯ ಹಿಂದೆ ಒಂದು ಅರ್ಥವ್ಯವಸ್ಥೆಯೂ ಇದೆ. ಸಣ್ಣ ಊರು ಬಹುಮಟ್ಟಿಗೆ ಒಂದೇ ಕಂಬದ ಮೇಲೆ ನಿಂತ ಊರು. ಒಂದು ಬೆಳೆ, ಒಂದು ದೇವರು, ಒಂದು ಕಾರ್ಖಾನೆ ಅಥವಾ ಒಂದು ಕಚೇರಿ ಅದನ್ನು ಪೊರೆಯುತ್ತದೆ. ಆ ಕಂಬವನ್ನು ಪ್ರಶ್ನಿಸಿದವನು ಎಲ್ಲರ ಅನ್ನವನ್ನು ಪ್ರಶ್ನಿಸಿದಂತಾಗುತ್ತದೆ. ಕನ್ನಡದಲ್ಲಿ ಇದನ್ನು ಅತ್ಯಂತ ಸ್ಪಷ್ಟವಾಗಿ ಕಂಡ ಕಾದಂಬರಿ ಯು. ಆರ್. ಅನಂತಮೂರ್ತಿಯವರ ‘ಭಾರತೀಪುರ’ (1973).

ಇಂಗ್ಲೆಂಡಿನಲ್ಲಿ ಓದಿ ಹಿಂದಿರುಗಿದ ಜಗನ್ನಾಥ ಹೊಲೆಯರನ್ನು ಮಂಜುನಾಥನ ದೇವಸ್ಥಾನಕ್ಕೆ ಪ್ರವೇಶ ಮಾಡಿಸಲು ಹೊರಡುತ್ತಾನೆ. ಅವನ ವಿಚಾರಗಳ ಬಗ್ಗೆ, ಅವನ ಅಪರಾಧಪ್ರಜ್ಞೆಯ ಬಗ್ಗೆ, ಸಾಲಿಗ್ರಾಮವನ್ನು ಹೊಲೆಯರಿಂದ ಮುಟ್ಟಿಸಲು ಹೋಗಿ ಅವನೇ ಕ್ರೂರನಾಗುವ ಪ್ರಸಂಗದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಕಾದಂಬರಿಯ ಹೆಸರು ನಾಯಕನದಲ್ಲ, ಊರಿನದು. ಆ ಊರಿನ ಹೋಟೆಲು, ಬಸ್ಸು, ಅಂಗಡಿ, ಛತ್ರ ಎಲ್ಲವೂ ಯಾತ್ರಿಕರಿಂದ ಬದುಕುತ್ತವೆ. ಯಾತ್ರಿಕರು ಮಂಜುನಾಥನ ಮಹಿಮೆಯಿಂದ ಬರುತ್ತಾರೆ. ಮಹಿಮೆ ಅಸ್ಪೃಶ್ಯತೆಯೂ ಸೇರಿದ ಒಂದು ಕ್ರಮದ ಮೇಲೆ ನಿಂತಿದೆ. ಆದ್ದರಿಂದ ಜಗನ್ನಾಥನ ಎದುರು ನಿಲ್ಲುವುದು ಭಕ್ತಿಯೊಂದೇ ಅಲ್ಲ, ಊರಿನ ಜೀವನೋಪಾಯ. ಜೊತೆಗೆ, ಅವನು ಎದುರಿಸಬೇಕಾದವರಲ್ಲಿ ಅಪರಿಚಿತರು ಇಲ್ಲ. ಸಾಕಿದ ಚಿಕ್ಕಿ, ಮನೆಯ ಒಕ್ಕಲು, ತಂದೆಯ ಕಾಲದ ಸ್ನೇಹಿತರು, ಎಲ್ಲರೂ ಅವನ ಬಾಲ್ಯವನ್ನು ಬಲ್ಲವರು. ಮಹಾನಗರದ ಚಳವಳಿಗಾರನು ವ್ಯವಸ್ಥೆ ಎಂಬ ಅಮೂರ್ತ ಶತ್ರುವಿನ ವಿರುದ್ಧ ಮೆರವಣಿಗೆ ಹೋಗಬಹುದು. ಸಣ್ಣ ಊರಿನ ಚಳವಳಿಗಾರ ತಾನು ವಿರೋಧಿಸಿದವರ ಅಂಗಡಿಯಲ್ಲಿಯೇ ಮರುದಿನ ಬೆಂಕಿಪೊಟ್ಟಣ ಕೊಳ್ಳಬೇಕು. ಅಲ್ಲಿ ಬದಲಾವಣೆ ನಿಧಾನವಾಗುವುದಕ್ಕೆ ಜನರ ಜಡತೆಯಷ್ಟೇ ಕಾರಣವಲ್ಲ, ಈ ಸಾಮೀಪ್ಯವೂ ಕಾರಣ.

ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ದೇವರಿದ್ದ ಜಾಗದಲ್ಲಿ ಏಲಕ್ಕಿಯನ್ನು ಇಡುತ್ತದೆ. ಕೆಸರೂರು ಎಂಬ ಮಲೆನಾಡಿನ ಊರಿನಲ್ಲಿ ಏಲಕ್ಕಿ ಬೆಳೆಯ ಅವನತಿಯ ಕಾರಣ ಹುಡುಕುತ್ತ ಪತ್ತೇದಾರಿಯಂತೆ ತೊಡಗುವ ಕಾದಂಬರಿ, ಬರಬರುತ್ತ ಊರಿನ ಮನಸ್ಸಿನ ರೋಗವನ್ನೇ ತೋಡುತ್ತದೆ. ಬೆಳೆ ಕುಸಿದಾಗ ಅದರೊಂದಿಗೆ ಪರಸ್ಪರ ನಂಬಿಕೆಯೂ ಕುಸಿಯುತ್ತದೆ. ಗಾಳಿಮಾತು, ಜಾತಿ, ಮತಗಳ ಸಂಶಯ ಆ ಜಾಗವನ್ನು ತುಂಬುತ್ತವೆ. ಕೊನೆಗೆ ಎಲ್ಲವನ್ನೂ ಬೆಂಕಿ ಆವರಿಸುತ್ತದೆ. ಈ ಕೃತಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಇಲ್ಲಿ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ತೇಜಸ್ವಿ ಸ್ನಾತಕೋತ್ತರ ಓದಿನ ನಂತರ ಮೂಡಿಗೆರೆಯ ಪರಿಸರವನ್ನು ಬೇಕೆಂದೇ ಆರಿಸಿಕೊಂಡು 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿ ಬಾಳಿದವರು. ‘ಕರ್ವಾಲೊ’ದಲ್ಲಿ (1980) ಅದೇ ಪೇಟೆ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಕೃಷಿಕ ಇವರನ್ನು ಒಂದು ಹಾರುವ ಓತಿಯ ಬೆನ್ನು ಹತ್ತಲು ಕೂಡಿಸುವ ಜಾಗವಾಗುತ್ತದೆ. ಶ್ರೇಣೀಕೃತವಾದ ನಗರದ ವಿದ್ಯಾಸಂಸ್ಥೆಯಲ್ಲಿ ಈ ಕೂಟ ಸುಲಭವಾಗಿ ನಡೆಯಲಾರದು. ಒಂದೇ ಲೇಖಕ, ಸರಿಸುಮಾರು ಒಂದೇ ಭೂಗೋಳ, ಐದು ವರ್ಷಗಳ ಅಂತರ. ಒಂದರಲ್ಲಿ ಊರು ಜ್ಞಾನದ ಕೂಡುಜಾಗ, ಇನ್ನೊಂದರಲ್ಲಿ ಅಜ್ಞಾನದ ಒಣಹುಲ್ಲು. ಲಾಭ-ನಷ್ಟಗಳು ಅಕ್ಕಪಕ್ಕದ ಎರಡು ಊರುಗಳಲ್ಲಿ ಇಲ್ಲ, ಒಂದೇ ಊರಿನಲ್ಲಿ ಇವೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಾಗಿಲ್ಲ.

4

ಇಲ್ಲಿಯವರೆಗಿನ ಚರ್ಚೆಯಲ್ಲಿ ಒಂದು ಗೃಹೀತವಿದೆ: ಊರು ಎಲ್ಲರಿಗೂ ಊರು ಎಂಬುದು. ಕನ್ನಡದ ಪದವೇ ಈ ಗೃಹೀತವನ್ನು ಒಡೆಯುತ್ತದೆ. ಊರು ಎಂದರೆ ಒಂದು ಅರ್ಥದಲ್ಲಿ ಕೇರಿಯಲ್ಲದ್ದು. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ ‘ಊರುಕೇರಿ’ ಎಂಬ ಹೆಸರಿಟ್ಟಾಗ ಆ ಎರಡು ಪದಗಳ ನಡುವಣ ಗೆರೆಯನ್ನೇ ಹೆಸರಾಗಿಸಿದರು. ಮಾಗಡಿ ಸೀಮೆಯ ಮಂಚನಬೆಲೆಯಿಂದ ಬೆಂಗಳೂರಿನ ಕೊಳೆಗೇರಿಗೆ, ಅಲ್ಲಿಂದ ಗೋಪಾಲಪುರದ ವಿದ್ಯಾರ್ಥಿನಿಲಯಕ್ಕೆ ಸಾಗುವ ಆ ಕಥನದಲ್ಲಿ ನಗರ ಪರಕೀಯತೆಯ ತಾಣವಾಗಿ ಬರುವುದಿಲ್ಲ. ಹಸಿವು ಅಲ್ಲಿಯೂ ಇದೆ, ಅವಮಾನವೂ ಇದೆ. ಆದರೆ ಅಲ್ಲಿ ಗ್ರಂಥಾಲಯವಿದೆ, ಭಾಷಣಕ್ಕೆ ವೇದಿಕೆಯಿದೆ, ತನ್ನಂತೆಯೇ ಬಂದ ಹತ್ತು ಊರುಗಳ ಹುಡುಗರಿದ್ದಾರೆ. ನವ್ಯದ ನಾಯಕ ಯಾವುದನ್ನು ಅನಾಥಪ್ರಜ್ಞೆ ಎಂದು ಕರೆದನೋ ಅದರಲ್ಲಿ ಒಂದು ಭಾಗ ದಲಿತ ನಿರೂಪಕನಿಗೆ ಬಿಡುಗಡೆಯ ಆರಂಭವಾಗಿ ಕಂಡಿದೆ.

ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅವರು ಹುಟ್ಟಿದ ಮುದ್ದೇಬಿಹಾಳ ತಾಲೂಕು ಕೇಂದ್ರ. ಶಾಲೆ, ಕಚೇರಿ, ಮಾರುಕಟ್ಟೆಗಳು ಇರುವ ಕಡೆ ಜಾತಿ ಸಡಿಲಗೊಳ್ಳುತ್ತದೆ ಎಂಬ ಆಧುನಿಕತೆಯ ಆಶ್ವಾಸನೆಯನ್ನು ಪರೀಕ್ಷಿಸಲು ತಾಲೂಕು ಕೇಂದ್ರವೇ ಸರಿಯಾದ ಜಾಗ. ಸರಕಾರದ ಶಾಲೆ ಬಾಗಿಲು ತೆರೆಯುತ್ತದೆ. ಆದರೆ ಆ ಶಾಲೆಯಲ್ಲಿ ಹೆಸರು ಕೂಗುವ ಮೇಷ್ಟರಿಗೂ ಪಕ್ಕದಲ್ಲಿ ಕೂರುವ ಹುಡುಗನಿಗೂ ಈ ಹುಡುಗ ಯಾರ ಮಗ, ಯಾವ ಓಣಿಯವನು ಎಂಬುದು ಗೊತ್ತು. ಎಲ್ಲರಿಗೂ ಎಲ್ಲರೂ ಗೊತ್ತು ಎಂಬುದರ ಅರ್ಥ ಇಲ್ಲಿ ಪೂರ್ತಿ ಬದಲಾಗುತ್ತದೆ. ಅಂಗಡಿಯ ಸಾಲವನ್ನು ಸಾಧ್ಯವಾಗಿಸುವ ಪರಿಚಯವೇ ಒಂದು ಲೋಟದ ನೀರನ್ನು ಅಸಾಧ್ಯವಾಗಿಸಬಲ್ಲದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರರು ಗ್ರಾಮವನ್ನು ರಾಷ್ಟ್ರಜೀವನದ ಆದರ್ಶ ಘಟಕವೆಂದು ಒಪ್ಪಲು ನಿರಾಕರಿಸಿದರು. ಆ ನಿರಾಕರಣೆಯ ಹಿಂದಿನ ಅನುಭವವನ್ನು ಬದಿಗಿಟ್ಟು ಸಣ್ಣ ಊರಿನ ಆತ್ಮೀಯತೆಯನ್ನು ಹೊಗಳುವ ವಿಮರ್ಶೆ, ತಿಳಿದೋ ತಿಳಿಯದೆಯೋ ಊರಿನ ಒಂದು ಭಾಗದ ಪರವಾಗಿ ಮಾತ್ರ ಮಾತನಾಡುತ್ತಿರುತ್ತದೆ.

ಹಾಗಾದರೆ ನಗರದ ಅಪರಿಚಯವೇ ಪರಿಹಾರವೆ? ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ಈ ಪ್ರಶ್ನೆಯನ್ನು ಸೂಕ್ಷ್ಮವಾಗಿ ಎತ್ತುತ್ತವೆ. ಗೋಕರ್ಣದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಹುಕಾಲ ದುಡಿದ ಈ ಲೇಖಕ, ಬಿಟ್ಟುಬಂದ ಊರಿಗಾಗಿ ಹಲುಬುವ ಪಾತ್ರಗಳನ್ನು ಬರೆಯಲಿಲ್ಲ. ಮದುವೆಯ ಕರೆಯೋಲೆ ಅಚ್ಚು ಹಾಕಿಸಲು ಹೊರಟ ಇಬ್ಬರು ತರುಣರ ಮುಂದೆ ಅಡ್ಡಹೆಸರಿನ ಪ್ರಶ್ನೆ ಬಂದು ನಿಲ್ಲುವ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕತೆಯನ್ನು ನೋಡಬಹುದು. ಸಣ್ಣ ಊರಿನಲ್ಲಿ ಈ ಪ್ರಶ್ನೆಯೇ ಹುಟ್ಟದು. ಅಡ್ಡಹೆಸರನ್ನು ಬದಲಿಸಿದರೂ ಊರು ನೆನಪಿನಿಂದ ಅದನ್ನು ತಿದ್ದಿಬಿಡುತ್ತದೆ. ಮುಂಬಯಿಯಲ್ಲಿ ಹೊಸ ಹೆಸರೊಂದನ್ನು ಕಲ್ಪಿಸಿಕೊಳ್ಳುವುದಾದರೂ ಸಾಧ್ಯ. ಆದರೆ ಆ ಸಾಧ್ಯತೆಯ ಬೆಲೆಯೂ ಕತೆಯಲ್ಲಿದೆ: ಅಷ್ಟು ದೊಡ್ಡ ಶಹರದಲ್ಲಿ ಕರೆಯಲು ತಮ್ಮವರೆಂದು ಎಷ್ಟು ಮಂದಿ?

ಚಿತ್ತಾಲರ ‘ಶಿಕಾರಿ’ (1979) ಇದಕ್ಕಿಂತ ಕಠೋರವಾದ ಉತ್ತರವನ್ನು ಕೊಡುತ್ತದೆ. ನಾಗಪ್ಪನ ಬೇಟೆ ನಡೆಯುವುದು ಮುಂಬಯಿಯ ಒಂದು ದೊಡ್ಡ ರಾಸಾಯನಿಕ ಕಂಪೆನಿಯಲ್ಲಿ. ಈ ಕಾದಂಬರಿಯನ್ನು ನಗರದ ಕ್ರೌರ್ಯದ ಕೃತಿಯೆಂದು ಪಾಠ ಮಾಡುವುದು ರೂಢಿ. ಆದರೆ ಅವನನ್ನು ಬೇಟೆಯಾಡಲು ಬಳಕೆಯಾಗುವ ಅಸ್ತ್ರಗಳು ಯಾವುವು? ಅವನ ಹುಟ್ಟು, ಮನೆತನ, ಹಿಂದಿನ ಬದುಕಿನ ಬಗೆಗಿನ ಪಿಸುಮಾತು. ಊರ ಕಡೆಯ ಶ್ರೀನಿವಾಸನಂಥವರು ಹೊತ್ತುತಂದ ತಿಳಿವಳಿಕೆ. ‘ಮೂರು ದಾರಿಗಳು’ ಕಾದಂಬರಿಯ ಸುದ್ದಿ ಹದಿನೈದು ವರ್ಷಗಳ ಅನಂತರ ಮುಂಬಯಿಗೆ ಬಂದು ಕಂಪೆನಿಯ ಕಡತದೊಳಗೆ ಸೇರಿಕೊಂಡಿದೆ ಎಂದು ಹೇಳಬಹುದು. ಊರು ಹಿಂದೆ ಉಳಿಯುವ ಜಾಗವಲ್ಲ. ಅದು ನಂಟರ, ಸಹೋದ್ಯೋಗಿಗಳ, ಜಾತಿ ಸಂಘಗಳ ರೂಪದಲ್ಲಿ ರೈಲು ಹತ್ತಿ ಬರುತ್ತದೆ. ಹೊರನಾಡಿನ ಕನ್ನಡಿಗರ ಯಾವುದೇ ಸಭೆಯಲ್ಲಿ ಮೊದಲ ಪ್ರಶ್ನೆ ‘ನಿಮ್ಮದು ಯಾವ ಊರು?’ ಎಂಬುದೇ ಆಗಿರುತ್ತದೆ. ಆ ಪ್ರಶ್ನೆಯಲ್ಲಿ ಅಕ್ಕರೆ ಇದೆ. ಉತ್ತರದಿಂದ ಜಾತಿಯನ್ನೂ ನಂಟಸ್ತಿಕೆಯನ್ನೂ ಊಹಿಸುವ ಲೆಕ್ಕಾಚಾರವೂ ಅದೇ ಪ್ರಶ್ನೆಯಲ್ಲಿದೆ.

5

ಸಣ್ಣ ಊರು ಸಾಹಿತ್ಯದ ವಸ್ತು ಮಾತ್ರವಲ್ಲ, ಸಾಹಿತ್ಯ ಹುಟ್ಟುವ ಜಾಗ ಕೂಡ. ಅಲ್ಲಿ ಸಂಸ್ಕೃತಿಯ ಕೆಲಸ ನಡೆಯಲಾರದು ಎಂಬ ಗ್ರಹಿಕೆಯನ್ನು ಅಲ್ಲಗಳೆಯಲು ಸಾಗರ ತಾಲೂಕಿನ ಹೆಗ್ಗೋಡು ಒಂದೇ ಸಾಕು. 1949ರಲ್ಲಿ ಅಲ್ಲಿ ಆರಂಭವಾದ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಕಟ್ಟಿತು. ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಇದು ಸಾಧ್ಯವಾದುದರಲ್ಲಿ ಸಣ್ಣ ಊರಿನ ಗುಣದ ಪಾಲು ದೊಡ್ಡದು. ಅಡಿಕೆ ಕೃಷಿಕನೇ ನಟನಾಗಿ, ಅವನ ನೆರೆಯವನೇ ಪ್ರೇಕ್ಷಕನಾಗಿ, ಊರಿನವರೇ ಬಂದವರಿಗೆ ಅನ್ನ ಬಡಿಸುವವರಾಗಿ ನಿಂತಾಗ ದೊರೆಯುವ ಬಲವನ್ನು ಯಾವ ಅನುದಾನವೂ ಒದಗಿಸಲಾರದು. ಆದರೆ ಹೆಗ್ಗೋಡು ತನ್ನೊಳಗೆ ತಾನು ಮುಚ್ಚಿಕೊಂಡು ಬೆಳೆಯಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಲ್ಲಿಯ ಜನ ನೋಡಿದರು. ಪುಣೆಯ ಚಲನಚಿತ್ರ ವಿದ್ವಾಂಸರು ಅದಕ್ಕೆ ನೆರವಾದರು. ಶೇಕ್ಸ್‌ಪಿಯರ್, ಬ್ರೆಕ್ಟ್ ಅಲ್ಲಿಯ ರಂಗಕ್ಕೆ ಬಂದರು. ನೆಲೆ ಸಣ್ಣದಾಗಿದ್ದು ಕಿಟಕಿ ದೊಡ್ಡದಾಗಿದ್ದ ಕಾರಣ ಅದು ಬಾಳಿತು.

ದಿನಕರ ದೇಸಾಯಿಯವರ (1909–1982) ಕೆಲಸವನ್ನೂ ಈ ಬೆಳಕಿನಲ್ಲಿ ಕಾಣಬೇಕು. ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿ ದುಡಿದ ಅವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಉತ್ತರ ಕನ್ನಡದ ಊರುಗಳಲ್ಲಿ ಶಾಲೆಗಳನ್ನು ತೆರೆದರು. ನಗರದಲ್ಲಿ ಸಂಘಟನೆಯನ್ನು ಕಲಿತವರು ಅದನ್ನು ಪೇಟೆಗೆ ಒಯ್ದು ಕೊಟ್ಟ ಉದಾಹರಣೆ ಇದು. ಈ ಬಗೆಯ ಶಾಲೆಗಳಲ್ಲಿ ಓದಿದ ಮಕ್ಕಳಲ್ಲಿ ಎಷ್ಟೋ ಮಂದಿ ಮತ್ತೆ ನಗರ ಸೇರಿದರು ಎಂಬುದು ಇದರ ಇನ್ನೊಂದು ಮುಖ. ಶಾಲೆ ಒಳ್ಳೆಯದಾದಷ್ಟೂ ಊರು ತನ್ನ ಮಕ್ಕಳನ್ನು ಬೇಗ ಕಳೆದುಕೊಳ್ಳುತ್ತದೆ. ಶಿಕ್ಷಣಕ್ಕೆ ತಕ್ಕ ಉದ್ಯೋಗ ಅಲ್ಲಿಯೇ ಇಲ್ಲದಿರುವಾಗ ಶಾಲೆಯೇ ಹೊರಹೋಗುವ ದಾರಿಯಾಗುತ್ತದೆ. ಸಣ್ಣ ಊರಿನ ನಷ್ಟಗಳಲ್ಲಿ ಇದು ಅತ್ಯಂತ ಮೌನವಾದುದು. ಕನ್ನಡ ಕಥನ ಇದನ್ನು ಹೊರಟುಹೋದವರ ಕಡೆಯಿಂದ ಸಾಕಷ್ಟು ಹೇಳಿದೆ, ಉಳಿದವರ ಕಡೆಯಿಂದ ಹೇಳಿದ್ದು ಕಡಿಮೆ. ಮಗ ಮುಂಬಯಿಗೆ ಹೋದ ಮೇಲೆ ಜಗಲಿಯಲ್ಲಿ ಕುಳಿತ ತಂದೆತಾಯಿಗಳು ನಮ್ಮ ಕತೆಗಳಲ್ಲಿ ಬಹಳ ಸಲ ಕಾಗದ ಬರೆಯುವವರಾಗಿ ಮಾತ್ರ ಬರುತ್ತಾರೆ.

6

ರಾಜ್ಯದ ಹೊರಗಿನ ಅಭ್ಯಾಸಿಗಳಾದ ನಮ್ಮ ಓದಿನ ಕ್ರಮಕ್ಕೆ ಈಗ ಬರಬಹುದು. ಕನ್ನಡ ನಾಡಿನ ಸಣ್ಣ ಊರನ್ನು ಭಾರತದ ಇತರ ಭಾಗದವರು ಹೆಚ್ಚಾಗಿ ಕಂಡದ್ದು ಕನ್ನಡದ ಮೂಲಕವಲ್ಲ. ಆರ್. ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಕಲ್ಪಿಸಿದ ಮಾಲ್ಗುಡಿಯನ್ನು ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿ ದೂರದರ್ಶನದ ಮೂಲಕ ದೇಶಕ್ಕೆ ತೋರಿಸಿದರು. ಆ ಸರಣಿಯ ಸೊಗಸು ಅಲ್ಲಗಳೆಯುವಂಥದಲ್ಲ. ಆದರೆ ಅದರ ರೈಲು ನಿಲ್ದಾಣದ ದೃಶ್ಯಗಳಿಗೆ ಬಳಕೆಯಾದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವಾಯಿತು ಎಂಬುದು ಸಾಂಕೇತಿಕವಾದ ಸಂಗತಿ. ಸಣ್ಣ ಊರನ್ನು ಸಂಗ್ರಹಾಲಯವಾಗಿ ಓದುವ ಅಪಾಯ ದೂರದಲ್ಲಿರುವ ಓದುಗರೆಲ್ಲರಿಗೂ ಇದೆ. ಸಂಗ್ರಹಾಲಯದಲ್ಲಿ ಊರಿನ ಹೆಂಚು, ಬೆಂಚು, ಲಾಟೀನು ಇರುತ್ತವೆ. ಬಾವಿಯ ಬಳಿಯ ಜಗಳ ಇರುವುದಿಲ್ಲ, ಕೇರಿ ಇರುವುದಿಲ್ಲ, ಬೆಳೆ ಕುಸಿದ ವರ್ಷ ಇರುವುದಿಲ್ಲ.

ಅದೇ 2020ರ ಬೇಸಗೆಯಲ್ಲಿ ಈ ಸಂಗ್ರಹಾಲಯದ ಚಿತ್ರವನ್ನು ಇತಿಹಾಸವೇ ಕೆಡಿಸಿತು. ಕೊರೊನಾ ಸಾಂಕ್ರಾಮಿಕದ ದಿಗ್ಬಂಧನದಲ್ಲಿ ಕೆಲಸ ಕಳೆದುಕೊಂಡ ಮುಂಬಯಿ ಕನ್ನಡಿಗರು ಉಡುಪಿ, ಮಂಡ್ಯ, ಕಲಬುರಗಿ, ಯಾದಗಿರಿ ಜಿಲ್ಲೆಗಳ ತಮ್ಮ ಊರುಗಳಿಗೆ ಹಿಂದಿರುಗಿದರು. ಹಲವು ಕಡೆ ಅವರನ್ನು ರೋಗ ತಂದವರೆಂದು ಸಂಶಯದಿಂದ ನೋಡಲಾಯಿತು. ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಅವರನ್ನು ಪ್ರತ್ಯೇಕವಾಗಿರಿಸಲಾಯಿತು. ಹಾಗೆ ನೋಡಿದವರೂ, ಅವರಿಗೆ ಊಟ ಸಾಗಿಸಿದವರೂ ಅದೇ ಊರಿನವರು. ಅಪರಿಚಿತರ ನಗರದಲ್ಲಿ ಒಂದು ತಿಂಗಳ ಬಾಡಿಗೆ ಕೊಡಲಾಗದಿದ್ದಾಗ ಹೋಗಲು ಅವರಿಗೆ ಇದ್ದ ಜಾಗ ಊರು ಒಂದೇ. ಗುರುತಿಸಿ ಬೆರಳು ತೋರಿಸಿದ್ದೂ ಊರೇ. ಚಿತ್ತಾಲ, ವೈದೇಹಿ, ತೇಜಸ್ವಿ ಕಥನದಲ್ಲಿ ಕಂಡ ಇಬ್ಬಂದಿತನ ಲೋಕದಲ್ಲಿ ಇಷ್ಟು ಬಯಲಾಗಿ ಕಂಡ ಸಂದರ್ಭ ನಮ್ಮ ಕಾಲದಲ್ಲಿ ಇನ್ನೊಂದಿಲ್ಲ.

ಮೇಲಿನ ಪರಿಶೀಲನೆಯಿಂದ ಮುಂದಿನ ಅಧ್ಯಯನಗಳಿಗೆ ಮೂರು ಸೂಚನೆಗಳು ದೊರೆಯುತ್ತವೆ. ಮೊದಲನೆಯದಾಗಿ, ಪೇಟೆಯನ್ನು ಹಳ್ಳಿ ಮತ್ತು ನಗರಗಳ ನಡುವಣ ದಾರಿಯೆಂದು ತಿಳಿಯದೆ, ತನ್ನದೇ ಆದ ಸಮಾಜನೀತಿಯುಳ್ಳ ನೆಲೆಯೆಂದು ಗ್ರಹಿಸಬೇಕು. ಪರಿಚಯ, ಸುದ್ದಿ, ಸಾಲ, ಮರ್ಯಾದೆ ಎಂಬ ನಾಲ್ಕು ಪದಗಳನ್ನು ಹಿಡಿದು ಹೊರಟರೆ ಅನೇಕ ಕೃತಿಗಳು ಬೇರೆ ರೀತಿಯಲ್ಲಿ ತೆರೆದುಕೊಳ್ಳುತ್ತವೆ. ಎರಡನೆಯದಾಗಿ, ಒಂದು ಊರಿನ ಲಾಭ ಯಾರಿಗೆ ಲಾಭ, ನಷ್ಟ ಯಾರಿಗೆ ನಷ್ಟ ಎಂದು ಪ್ರತಿ ಸಲವೂ ಕೇಳಬೇಕು. ಜಗಲಿಯ ಮೇಲೆ ಕುಳಿತವನಿಗೂ ಜಗಲಿಯ ಕೆಳಗೆ ನಿಂತವನಿಗೂ, ಪೇಟೆಗೆ ಹೋಗಿಬರುವ ಗಂಡಸಿಗೂ ಹಿತ್ತಿಲು ದಾಟದ ಹೆಂಗಸಿಗೂ ಒಂದೇ ಊರು ಒಂದೇ ಅಲ್ಲ. ಮೂರನೆಯದಾಗಿ, ಹೊರಟವರ ಕಥನದ ಜೊತೆಗೆ ಉಳಿದವರ ಕಥನವನ್ನೂ ಇಟ್ಟು ಓದಬೇಕು. ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ಣವಾದ ಮೇಲೆ ಕರಾವಳಿಯ ಊರುಗಳಿಂದ ಮುಂಬಯಿ ಒಂದು ರಾತ್ರಿಯ ಪಯಣದಷ್ಟು ಹತ್ತಿರ ಬಂದಿದೆ. ದೂರ ಕಡಿಮೆಯಾದಾಗ ಹಂಬಲದ ಸ್ವರೂಪವೂ ಬದಲಾಗುತ್ತದೆ. ಆ ಬದಲಾವಣೆಯನ್ನು ಹಳೆಯ ಅಗಲಿಕೆಯ ಪರಿಭಾಷೆಯಲ್ಲಿ ವಿವರಿಸಲಾಗದು.

ಸಣ್ಣ ಊರಿನಲ್ಲಿ ಬಾಳುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಸಾಹಿತ್ಯ ಒಂದೇ ಉತ್ತರವನ್ನು ಕೊಡದಿದ್ದರೆ ಅದು ಅದರ ಕೊರತೆಯಲ್ಲ. ಗುರುತಿಸಲ್ಪಡುವುದು ಮನುಷ್ಯನ ದೊಡ್ಡ ಹಸಿವುಗಳಲ್ಲಿ ಒಂದು. ಗುರುತಿನಿಂದ ತಪ್ಪಿಸಿಕೊಳ್ಳುವುದು ಅಷ್ಟೇ ದೊಡ್ಡ ಇನ್ನೊಂದು. ಪೇಟೆ ಮೊದಲನೆಯದನ್ನು ಧಾರಾಳವಾಗಿ ತೀರಿಸಿ ಎರಡನೆಯದನ್ನು ನಿರಾಕರಿಸುತ್ತದೆ; ಮಹಾನಗರ ಎರಡನೆಯದನ್ನು ಕೊಟ್ಟು ಮೊದಲನೆಯದಕ್ಕೆ ಕಾಯಿಸುತ್ತದೆ. ಗುರುತು ಹಿಡಿಯುವ ಕಣ್ಣು ಅವಮಾನಿಸದಿರುವ ಒಂದು ಊರು ಕನ್ನಡ ಕಥನದಲ್ಲಿ ಇನ್ನೂ ಪೂರ್ಣವಾಗಿ ಮೂಡಿಲ್ಲ, ಏಕೆಂದರೆ ಲೋಕದಲ್ಲಿಯೂ ಅದು ಮೂಡಿಲ್ಲ. ಅಂಥ ಊರು ಎಲ್ಲಿ ಎಷ್ಟರಮಟ್ಟಿಗೆ ಸಾಧ್ಯವಾಯಿತು, ಎಲ್ಲಿ ಯಾರ ಪಾಲಿಗೆ ಸಾಧ್ಯವಾಗಲಿಲ್ಲ ಎಂಬುದನ್ನು ಕೃತಿಗಳಿಂದ ಎತ್ತಿ ತೋರಿಸುವುದು ನಮ್ಮಂಥ ಅಭ್ಯಾಸಿಗಳಿಂದ ಆಗಬೇಕಾದ ಕೆಲಸ. ಊರಿನಿಂದ ದೂರವಿರುವುದರಿಂದ ನಮಗೆ ಒದಗಿರುವ ಅನುಕೂಲವಿದ್ದರೆ ಅದು ಇಷ್ಟೇ: ಅದನ್ನು ಕೊಂಡಾಡಲೇಬೇಕಾದ ಹಂಗೂ ನಮಗಿಲ್ಲ, ಹಳಿಯಲೇಬೇಕಾದ ಗಾಯವನ್ನು ದಿನವೂ ಹೊಸದಾಗಿ ಅನುಭವಿಸುವ ಸ್ಥಿತಿಯೂ ನಮ್ಮದಲ್ಲ. ಈ ಅನುಕೂಲವನ್ನು ಹಂಬಲಕ್ಕೆ ವ್ಯಯಿಸದೆ ವಿವೇಚನೆಗೆ ಬಳಸುವುದು ಉಚಿತ.